ಹಿಡಿಯುವ ಮುಂಚೆ ಬಿಟ್ಟವನು

"ಬಾಗಿಲು ಮುಚ್ಚಬೇಡಿ!"

ಅವಳು ಕೂಗುವಷ್ಟರಲ್ಲಿ ಕಬ್ಬಿಣದ ಬಾಗಿಲು ಧಡ್ ಎಂದು ಮುಚ್ಚಿತ್ತು.

"ಮೇಡಂ... ಹಿಡಿಕೆ ಕೈಗೆ ಬಂತು. ಬಾಗಿಲು ಬರ್ತಿಲ್ಲ."

ಮೊಬೈಲ್ ಜಾಲದ ಪ್ರಯೋಗಾಲಯದ ಆ ಕೋಣೆಗೆ ಸುತ್ತಲೂ ತಾಮ್ರದ ಹೊದಿಕೆ. ಹೊರಗಿನ ಸಿಗ್ನಲ್ ಒಳಗೆ ಬಾರದು, ಒಳಗಿನದು ಹೊರಗೆ ಹೋಗದು. ಇರುವುದು ಪರೀಕ್ಷೆಗೆಂದು ನಿಲ್ಲಿಸಿದ ಎರಡು ಪುಟ್ಟ ಟವರು, ನಡುವೆ ಹದಿನಾರು ಫೋನು ಹೊತ್ತ ತಳ್ಳುಗಾಡಿ. ನಾಳೆಯ ಜಾಲದಲ್ಲಿ, ಓಡುವ ರೈಲಿನೊಳಗಿನ ಫೋನು ಮಾತು ಕಡಿಯದಂತೆ ಟವರಿನಿಂದ ಟವರಿಗೆ ಹೇಗೆ ದಾಟಬೇಕೆಂಬ ನಿಯಮ ಬರೆಯುವವಳು ಅವಳು. ಗಾಡಿ ತಳ್ಳಿ ಅದನ್ನು ಪರೀಕ್ಷಿಸುವವನು ಅವನು. ಎರಡು ವರ್ಷದಲ್ಲಿ ಸಾವಿರಾರು ಸಲ ಫೋನುಗಳನ್ನು ದಡ ಸೇರಿಸಿದ್ದ ಇವರು, ತಮ್ಮಿಬ್ಬರ ವಿಷಯದಲ್ಲಿ ಮಾತ್ರ ಇದ್ದಲ್ಲೇ ಇದ್ದರು.

ಗಡಿಯಾರದಲ್ಲಿ ಎರಡೂವರೆ. ಮೂರಕ್ಕೆ ಅವಳ ಅಣ್ಣ ಗಂಡಿನ ಕಡೆಯವರಿಗೆ ಮಾತು ಕೊಡುತ್ತಾನೆ! "ಅಷ್ಟರೊಳಗೆ ನೀನು ಬೇಡ ಅನ್ನದಿದ್ರೆ ಒಪ್ಪಿದ ಹಾಗೇ" ಎಂದು ಬೆಳಿಗ್ಗೆ ಹೇಳಿದ್ದ.

"ಯಾರಾದ್ರೂ ಯಾವಾಗ ಬರ್ತಾರೆ?"

"ನಮ್ಮೋರು ಊಟಕ್ಕೆ ಕೂತ್ರೆ ಮೂರಾದ್ರೂ ಏಳಲ್ಲ."

ಅವಳು ಸುತ್ತಲಿನ ಗೋಡೆಗಳನ್ನು ನೋಡಿದಳು. ಮನೆಯಲ್ಲೂ ಹೀಗೇ... ಅಲ್ಲಿನ ಗೋಡೆಗಳನ್ನು ಪ್ರೀತಿಯಿಂದ ಕಟ್ಟಿದ್ದರು, ಅಷ್ಟೇ ವ್ಯತ್ಯಾಸ.

"ನಿಮಗೇನು ಬಿಡಿ, ವರ್ಗಾವಣೆ ಪಟ್ಟಿಯಲ್ಲಿ ನಿಮ್ಮ ಹೆಸರಿದೆ. ನೀವೇ ಕೇಳಿ ತಗೊಂಡ್ರಂತೆ. ಹೋಗೋರು ಒಂದು ಮಾತು ಹೇಳಬಾರದಿತ್ತಾ?"

"ಮಂಜೂರಾದ ಮೇಲೆ ಹೇಳೋಣ ಅಂತ..."

"ಏನನ್ನ?"

ಅವನು ನೆಲ ನೋಡಿದ. "ಗಂಡ ಹೆಂಡತಿ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ರುಜು ಹಾಕೋ ಹಾಗಿಲ್ಲ ಅಂತ ಆಫೀಸಿನ ನಿಯಮ ಇದೆಯಲ್ಲ. ಮೊದಲು ಇಲ್ಲಿಂದ ಬಿಡಿಸಿಕೊಂಡು, ಆಮೇಲೆ ನಿಮ್ಮನ್ನ ಕೇಳೋಣ ಅಂತಿದ್ದೆ."

ನಗಬೇಕೋ, ಎರಡು ಬಾರಿಸಬೇಕೋ!

"ಹೊಸ ಟವರನ್ನ ಹಿಡಿದ ಮೇಲೇ ಹಳೇದನ್ನ ಬಿಡು ಅಂತ ದಿನಾ ಫೋನುಗಳಿಗೆ ಪಾಠ ಹೇಳ್ತೀರಿ. ನೀವು ಮಾತ್ರ ಹಿಡಿಯೋಕೆ ಮುಂಚೆಯೇ ಬಿಟ್ರಾ? ನಾನು ಒಲ್ಲೆ ಅಂದಿದ್ರೆ?"

"ನಡುವೆ ನೇತಾಡ್ತಿದ್ದೆ."

"ವಾರದಿಂದ ನೇತಾಡ್ತಿರೋಳು ನಾನು, ದಡ್ಡ!"

'ದಡ್ಡ' ಎಂಬುದು ಜಾರಿತು, ಹಿಂದೆಯೇ ಕಣ್ಣೀರೂ. ಅವಳು ಕಣ್ಣೊರೆಸಿಕೊಂಡು ಮೂರು ಗಂಟೆಯ ಕಥೆ ಹೇಳಿದಳು. ಹೇಳಿದವಳೇ ತಳ್ಳುಗಾಡಿಗೆ ಕೈ ಹಾಕಿದಳು.

"ಗಾಡಿ ಹಿಡೀರಿ. ಬಾಗಿಲಿಗೆ ಗುದ್ದೋಣ."

"ಮೇಡಂ, ಎರಡು ತಿಂಗಳ ಪರೀಕ್ಷೆ ಹಾಳಾಗುತ್ತೆ!"

"ಆಗಲಿ! ನಿಯಮ ಬರೆದವಳು ನಾನೇ."

ಆರನೇ ಗುದ್ದಿಗೆ ಕಾವಲುಗಾರ ಬಾಯಲ್ಲಿ ತುತ್ತಿಟ್ಟುಕೊಂಡೇ ಬಾಗಿಲು ತೆರೆದ. "ಏನ್ರಪ್ಪಾ ಇದು, ಭೂಕಂಪಾನಾ?"

ಎರಡು ಐವತ್ತು. ಹೊರಗೆ ಓಡಿಬಂದು ಫೋನು ಕಿವಿಗಿಟ್ಟಳು. "ಅಣ್ಣಾ, ನನಗೆ ಆ ಸಂಬಂಧ ಬೇಡ. ಕಾರಣ ನನ್ನ ಪಕ್ಕದಲ್ಲೇ ಏದುಸಿರು ಬಿಡ್ತಾ ನಿಂತಿದೆ."

"ಏನಂದ್ರು?" ಅವನು ಕೇಳಿದ.

"ಅತ್ತಿಗೆ ಫೋನ್ ಕಿತ್ಕೊಂಡು, 'ಇದನ್ನ ಬೆಳಿಗ್ಗೆಯೇ ಬೊಗಳೋಕೆ ಏನಾಗಿತ್ತು' ಅಂದ್ರು. ಸಂಜೆ ಕರ್ಕೊಂಡು ಬಾ ಅಂದ ಅಣ್ಣ." ಅವಳು ಕಣ್ಣು ತಗ್ಗಿಸಿದಳು. "ದೂರದೂರಿಗೆ ವರ್ಗ ಆದ್ರೂ ಸರಿ. ಬರ್ತೀನಿ."

"ದೂರದೂರಾ? ಮೇಲಿನ ಮಹಡಿಗೆ ಮೇಡಂ!"

"ಮಹಡಿಗಾ! ಅದಕ್ಕಾ ನಾನು ವಾರವಿಡೀ ಅತ್ತಿದ್ದು?"

"ಅಂದ್ರೆ... ನನ್ನ ಮದುವೆ ಆಗ್ತೀಯಾ?"

"ಆಗ್ತೀನಿ. ಊಟದ ಹೊತ್ತಿಗೆ ಮಾತ್ರ ನೀನೇ ಇಳಿದು ಬರಬೇಕು."