ಒಂದು ಗಂಟೆಯ ಟೇಪಿಗೆ ಒಂದು ಗಂಟೆ

"ನಲವತ್ತು ನಿಮಿಷ ಅಂದ್ರಿ. ಮಧ್ಯಾಹ್ನ ಆಯ್ತಲ್ರೀ!"

ಅಣ್ಣನ ಮದುವೆಯ ವಿಡಿಯೋ ಒಯ್ಯಲು ಜಾವಳಿಯಿಂದ ಮೂಡಿಗೆರೆಗೆ ಬಂದಿದ್ದ ಗಗನಾ ಸ್ಟುಡಿಯೋ ಬಾಗಿಲಲ್ಲೇ ಸಿಡುಕಿದಳು.

"ಹೇಳಿದ್ದು ನಾನಲ್ಲ ಮೇಡಂ, ಇದು," ಎಂದು ಸ್ಟುಡಿಯೋದ ಧರ್ಮೇಶ್ ಹೊಸ ಕಂಪ್ಯೂಟರನ್ನು ತೋರಿಸಿದ. "ಬೆಳಿಗ್ಗೆಯಿಂದ ಇನ್ನೂ ನಲವತ್ತೇ ನಿಮಿಷ ಬಾಕಿ ಅಂತಿದೆ."

ಅವಳು ಬಗ್ಗಿ ಪರದೆಯ ಮೇಲಿದ್ದ ಇಂಗ್ಲಿಷ್ ಪದ ಓದಿದಳು. "ರೆಂಡರ್ ಅಂದ್ರೆ ಎಂತ ಅಂತ ಗೊತ್ತಾ?"

"ಕಾಯೋದು ಅಂತ ಅಂದ್ಕೊಂಡಿದ್ದೀನಿ."

ಸಿಟ್ಟು ಮರೆತು ಗಗನಾ ನಕ್ಕುಬಿಟ್ಟಳು.

ಅದು ಎರಡು ಸಾವಿರದ ಎರಡನೇ ಇಸವಿ. ಎರಡು ವಿಸಿಆರ್ ಇಟ್ಟುಕೊಂಡು ಎಡಿಟಿಂಗ್ ಕಲಿತಿದ್ದ ಧರ್ಮೇಶನಿಗೆ ಕಂಪ್ಯೂಟರ್ ಹೊಸದು. ಅದರ ಜೊತೆ ಬಂದ ದಪ್ಪ ಇಂಗ್ಲಿಷ್ ಪುಸ್ತಕ ಬಾಯಿಗೂ ಬಾರದು, ತಲೆಗೂ ಹತ್ತದು. ಇಂಗ್ಲಿಷ್ ಓದಿದ್ದ ಗಗನಾ ಸಂತೆಯ ದಿನ ಬಂದು ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳತೊಡಗಿದಳು.

"ಕ್ಯಾಪ್ಚರ್ ರಿಯಲ್ ಟೈಮ್‌ನಲ್ಲೇ ಆಗೋದು. ಅಂದ್ರೆ ಒಂದು ಗಂಟೆ ಟೇಪು ಕಂಪ್ಯೂಟರ್ ಒಳಗೆ ಹೋಗೋಕೆ ಒಂದು ಗಂಟೆ ಬೇಕು."

"ಅವಸರ ಮಾಡೋ ಹಾಗಿಲ್ವಾ?"

"ಇಲ್ಲ. ಕೂರಲೇಬೇಕು."

"ಒಳ್ಳೇದಾಯ್ತು," ಎಂದ ಅವನು, ಮಾನಿಟರಿನಿಂದ ಕಣ್ಣು ತೆಗೆಯದೆ. ಗಾಜಿನಲ್ಲಿ ಅವಳ ಮುಖ ಕೆಂಪಾದದ್ದು ಕಂಡಿತು.

ಇನ್ನೊಂದು ದಿನ ಫ್ರೇಮಿನ ಪಾಠ ಬಂತು. "ಒಂದು ಸೆಕೆಂಡಿಗೆ ಇಪ್ಪತ್ತೈದು ಚಿತ್ರ," ಎಂದಳು.

"ಕಣ್ಣು ಮಿಟುಕಿಸಿದ್ರೆ ಎಷ್ಟು ಫ್ರೇಮ್ ಹೋಗ್ತದೆ?"

"ನಂಗೇನು ಗೊತ್ತು?"

"ಮಿಟುಕಿಸಿ, ಎಣಿಸ್ತೀನಿ."

ಅವಳು ಮಿಟುಕಿಸಲಿಲ್ಲ. ನೇರ ನೋಡಿದಳು. ಎಣಿಸುವುದು ಅವನಿಗೇ ಮರೆತುಹೋಯಿತು.

ಧರ್ಮೇಶನ ಅಪ್ಪ ಲಕ್ಕಯ್ಯ, ಗಗನಾಳ ತಂದೆ ದೇವರಾಜೇಗೌಡರ ಕಾಫಿ ಎಸ್ಟೇಟಿನಲ್ಲಿ ಆಳುಗಳನ್ನು ನೋಡಿಕೊಳ್ಳುವ ಮೇಸ್ತ್ರಿ. ಇಬ್ಬರಿಗೂ ಗೊತ್ತಿದ್ದ ಆ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ.

ಕೊಯ್ಲಿನ ಕಾಲದಲ್ಲಿ ಒಮ್ಮೆ, ಸಂತೆಯಿಲ್ಲದ ದಿನವೇ ಗಗನಾ ಬಂದಳು.

"ಸಕಲೇಶಪುರದವರು ನನ್ನ ನೋಡೋಕೆ ಬರ್ತಿದಾರೆ. ನೀವು ಬಂದು ಅಪ್ಪನ ಹತ್ರ ಮಾತಾಡಿ. ನಾನು ಪಕ್ಕದಲ್ಲೇ ನಿಂತ್ಕೋತೀನಿ."

ಅಪ್ಪನ ಕೆಲಸ, ಎಸ್ಟೇಟಿನ ಕೆಲಸಗಾರರ ಲೈನಿನಲ್ಲಿ ಗೌಡರು ಕೊಟ್ಟಿದ್ದ ಮನೆ ಅವನ ಕಣ್ಣ ಮುಂದೆ ಬಂದವು. "ಸ್ವಲ್ಪ ಟೈಮ್ ಕೊಡಿ," ಎಂದ.

"ಎಷ್ಟು?"

ಅವನು ಮಾನಿಟರಿನತ್ತ ತಿರುಗಿದ. ಅಂದು ಯಾರದೋ ಮದುವೆಯ ಟೇಪು ಕಂಪ್ಯೂಟರಿಗೆ ಇಳಿಯುತ್ತಿತ್ತು. ಅದು ಮುಗಿಯುವವರೆಗೂ ಗಗನಾ ಕುರ್ಚಿಯಲ್ಲಿ ಕೂತಿದ್ದಳು. ಆಮೇಲೆ, "ಕ್ಯಾಪ್ಚರ್ ಆಯ್ತು ನೋಡಿ," ಎಂದು ಎದ್ದು ಹೋದಳು.

ವಾರವಿಡೀ ಮಗ ಸರಿಯಾಗಿ ಉಣ್ಣದ್ದು ಕಂಡು ಲಕ್ಕಯ್ಯ ಕೆದಕಿ ಕೇಳಿದ. ಧರ್ಮೇಶ್ ಎಲ್ಲವನ್ನೂ ಹೇಳಿದ.

"ನನ್ನ ಒಂದು ಮಾತು ಕೇಳ್ದೆ, ನನ್ನ ಹೆಸರಲ್ಲಿ ಹೆದರ್ಕಂಡ್ಯಾ? ಮೇಸ್ತ್ರಿ ಕೆಲಸ ಬಾಳೂರಿನ ತೋಟದಲ್ಲೂ ಸಿಗ್ತದೆ ಮಾರಾಯ. ಹೋಗು."

ಮರುದಿನ ಬೆಳಿಗ್ಗೆ ಧರ್ಮೇಶ್ ಬೈಕ್ ಹತ್ತಿದ. ಗೌಡರ ಮನೆಯ ಕಣದಲ್ಲಿ ಗಗನಾ ಕಾಫಿ ಹರವುತ್ತಿದ್ದಳು. ಅವನನ್ನು ಕಂಡದ್ದೇ ಕೈ ನಿಂತಿತು.

"ನಿನ್ನೆ ಸಕಲೇಶಪುರದವ್ರ ಜೊತೆ ಒಪ್ಪಿಗೆ ಆಯ್ತು," ಎಂದಳು.

"ಬಲವಂತ ಮಾಡಿದ್ರಾ?"

"ಇಲ್ಲ. ನಿಂಗೆ ಇಷ್ಟವೇನಮ್ಮ ಅಂತ ಅಪ್ಪ ಕೇಳಿದ್ರು. ಹೂಂ ಅಂದಿದ್ದು ನಾನೇ."

"ನಾನು ಮಾತಾಡೋಕೇ ಬಂದೆ ಗಗನಾ."

"ಗೊತ್ತಾಗ್ತಿದೆ." ಅವಳ ಕಣ್ಣು ತುಂಬಿತು. "ಅವ್ರೂ ಒಳ್ಳೆಯವ್ರು. ಕೊಟ್ಟ ಮಾತು ಮುರಿದು ಅವ್ರನ್ನ ನೋಯಿಸೋದು ನನ್ ಕೈಲಾಗಲ್ಲ."

ಅಷ್ಟರಲ್ಲಿ ಗೌಡರು ಜಗಲಿಗೆ ಬಂದರು. "ಲಕ್ಕಯ್ಯನ ಮಗ ಅಲ್ವನ? ಬಾ ಮಾರಾಯ, ಒಳಗೆ ಬಾ. ನಿನ್ನ ಕೆಲಸನ ಇವಳು ಹೊಗಳಿದ್ದೇ ಹೊಗಳಿದ್ದು. ಒಂದಿನ ಮನೆಗೆ ಕರಿ, ನೋಡೋಣ ಅಂತ ನಾನೇ ಹೇಳಿದ್ದೆ."

ತಾನು ಹೆದರಿದ್ದ ಬಾಗಿಲು ತೆರೆದೇ ಇತ್ತೆಂದು ತಿಳಿದು ಧರ್ಮೇಶ್ ತಿರುಗಿ ಗಗನಾಳನ್ನು ನೋಡಿದ. ಅವಳು ಮುಖ ಆಚೆ ತಿರುಗಿಸಿ ಕಾಫಿ ತರಲು ಒಳಗೆ ಹೋದಳು.

ಗೌಡರ ಎದುರು ಕುರ್ಚಿಯಲ್ಲಿ ಕೂತು ಅವನು ಆ ಕಾಫಿಯನ್ನು ಗುಟುಕು ಗುಟುಕಾಗಿ ಕುಡಿದ. ಆರಿ ತಣ್ಣಗಾಗಿ ಮುಗಿದರೂ ಲೋಟ ಕೆಳಗಿಡಲು ಮನಸ್ಸಾಗಲಿಲ್ಲ. ಬಾಗಿಲ ಬಳಿ ನಿಂತಿದ್ದ ಗಗನಾಳೂ ಅವಸರ ಮಾಡಲಿಲ್ಲ. ಕೊನೆಗೆ ಹತ್ತಿರ ಬಂದು, ಖಾಲಿ ಲೋಟವನ್ನು ಅವನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡಳು.