ಸೋಮವಾರದ ಎತ್ತುಗಳು

“ಅದರ ಮುಂದ ನಿಂದರಬ್ಯಾಡ್ರೀ... ಹಾಯ್ತೈತಿ!”

ವಾಣಿಶ್ರೀ ಬೆಚ್ಚಿ ಹಿಂದೆ ಸರಿದಳು. ಜೋಡಿ ಎತ್ತುಗಳಲ್ಲಿ ಒಂದು ತಲೆ ಕೊಡವಿತು. ಎಚ್ಚರಿಸಿದವನು ಬೇವಿನ ನೆರಳಲ್ಲಿ ಮಲಗಿದ್ದ. ಎದ್ದು ಕುಳಿತ, ಅಷ್ಟೆ.

ಕುರ್ತಕೋಟಿಯ ಹೊಲ, ಸೋಮವಾರದ ಮಟಮಟ ಮಧ್ಯಾಹ್ನ. ಬೆಟಗೇರಿಯ ಹುಡುಗಿ, ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವವಳು, ರಜೆಗೆಂದು ಸೋದರತ್ತೆಯ ಊರಿಗೆ ಬಂದಿದ್ದಳು.

“ಇವತ್ತು ಕೆಲಸ ಇಲ್ಲೇನ್ರಿ?”

“ಇವತ್ತ ಇಲ್ರಿ.”

ಅವಳು ನಕ್ಕಳು. “ನಿಮ್ಮಂಥ ಬಾಳ್ವಿಗೆ ಇಂಗ್ಲಿಷಿನಾಗ ಒಂದು ಶಬ್ದ ಐತ್ರಿ, ಬ್ಯುಕಾಲಿಕ್. ಗಿಡದ ನೆರಳು, ಕೊಳಲು... ಕೆಲಸ ಇಲ್ಲ, ಚಿಂತಿ ಇಲ್ಲ!”

ಅವನ ಮುಖದ ನಗು ಆರಿತು. ಎತ್ತುಗಳ ಕಡೆ ತಿರುಗಿದ.

ಆ ಸಂಜೆ ಅತ್ತೆ ಅನ್ನಪೂರ್ಣವ್ವ ಮಾತು ತೆಗೆದಳು. “ವಾಣೀ, ಬೇವಿನಗಿಡದ ಹೊಲದ ನಂದೀಶನ ಮನಿಯವರು ನಿನ್ನ ಕೇಳ್ಯಾರ. ಏನಂತಿ?”

ಅವನೇ! ಹಗಲು ಮಲಗುವವನ ಜೊತೆ ಬಾಳುವುದು ಹೇಗೆ?

“ಬ್ಯಾಡ ಅತ್ತಿ.” ಕಾರಣ ಹೇಳಲಿಲ್ಲ.

ಮೂರು ವಾರ ಕಳೆದವು. ಒಂದು ಶನಿವಾರ ತರಗತಿಯಲ್ಲಿ ಅದೇ ಶಬ್ದ ಬಂತು. ರೋಜಾ ಎಂಬ ಹುಡುಗಿ ಎದ್ದು ನಿಂತಳು. “ಮೇಡಂ, ಇದು ಎಲ್ಲಿಂದ ಬಂತ್ರಿ?”

ವಾಣಿಶ್ರೀ ನಿಘಂಟು ತೆರೆದಳು. ಗ್ರೀಕ್ ಮೂಲ. ಕೊಳಲೂ ಇಲ್ಲ, ನೆರಳೂ ಇಲ್ಲ. ‘ದನ ಕಾಯುವವನು’, ಇಷ್ಟೇ ಇತ್ತು.

ಕುರ್ತಕೋಟಿಯ ಹೊಲ ನೆನಪಾಯಿತು. ಆ ಎತ್ತುಗಳ ಮೈ ಎಷ್ಟು ಹೊಳೆಯುತ್ತಿತ್ತು! ಮಲಗುವವನ ಎತ್ತುಗಳೇ ಅವು?

ತರಗತಿ ಮುಗಿಯುತ್ತಲೇ ಫೋನ್ ಮಾಡಿದಳು. “ಅತ್ತಿ... ಆ ಸೋಮವಾರ ನಂದೀಶ ಅವರು ಮಧ್ಯಾಹ್ನದಾಗ ಮಲಗಿದ್ರಲ್ಲ, ಯಾಕ?”

“ಅದಕ್ಕ ಬ್ಯಾಡ ಅಂದ್ಯಾ? ಅಯ್ಯ ಹುಚ್ಚಿ! ಸೋಮವಾರ ಬಸವಣ್ಣನ ವಾರ. ಎತ್ತಿನ ಹೆಗಲಿಗೆ ನೊಗ ಇಡೂದಿಲ್ಲ. ಅವತ್ತು ನಸುಕಿನಾಗ ಎದ್ದು ಅವುಗಳ ಮೈ ತೊಳದು, ಹೆಗಲಿಗೆ ಎಣ್ಣಿ ತಿಕ್ಕಿ ಆಮ್ಯಾಲೆ ಒಂದೀಟು ಅಡ್ಡಾಗ್ತಾನ.” ಅತ್ತೆಯ ದನಿ ಇಳಿಯಿತು. “ಈಗೇನು ಕೇಳ್ತಿ? ನಾಡದ ಸೋಮವಾರ ಶಿರಹಟ್ಟಿಗೆ ಹೆಣ್ಣು ನೋಡಾಕ ಹೊಂಟಾರ.”

ಸೋಮವಾರ ಮೊದಲ ಬಸ್ಸಿಗೇ ಅವಳು ಕುರ್ತಕೋಟಿಯಲ್ಲಿ ಇಳಿದಳು.

ನಂದೀಶ ಎತ್ತಿನ ಹೆಗಲಿಗೆ ಎಣ್ಣೆ ತಿಕ್ಕುತ್ತಿದ್ದ. ನೊಗ ಉಜ್ಜಿ ಗಟ್ಟಿಯಾದ ಆ ಜಾಗದ ಮೇಲೆ ಬೆರಳುಗಳು ಮೆಲ್ಲಗೆ ಸುತ್ತುತ್ತಿದ್ದವು. ಅವಳನ್ನು ಕಂಡ. ಕೈ ನಿಲ್ಲಿಸಲಿಲ್ಲ.

“ನಿಮಗ ಕೆಲಸ ಇಲ್ಲ ಅಂದಿದ್ದೆ. ತಪ್ಪಾತ್ರಿ... ಎತ್ತು-ಆಕಳ ಕಾಯಾಂವ ಅಂತ ಆ ಶಬ್ದದ ಹುಟ್ಟು. ನೆರಳು, ಕೊಳಲು ಎಲ್ಲಾ ಆಮ್ಯಾಲೆ ಹಾಡು ಕಟ್ಟಿದವರು ಸೇರಿಸಿದ್ದಂತ.”

“ಅವರು ಸೋಮವಾರ ಬಂದಿರಬೇಕ್ರಿ.”

ಅವಳಿಗೆ ನಗು ಬಂತು, ಕಣ್ಣೂ ತುಂಬಿತು. “ಶಿರಹಟ್ಟಿಗೆ... ಹೋಗಬ್ಯಾಡ್ರಿ.”

ಅವನು ಎಣ್ಣೆಯ ಬಟ್ಟಲು ಅವಳ ಮುಂದೆ ಹಿಡಿದ. ಅವಳು ಬೆರಳು ಅದ್ದಿ, ಅಂಜುತ್ತ ಎತ್ತಿನ ಹೆಗಲ ಮೇಲಿಟ್ಟಳು. ಅದು ಹಾಯಲಿಲ್ಲ.

“ಹೆಂಗ ಹೋಗಲ್ರಿ?” ಎಂದ ನಂದೀಶ. “ಇವತ್ತು ಗಾಡಿ ಹೂಡೂದಿಲ್ಲ.”

“ಬಸ್ ಅದಾವಲ್ರಿ?”

“ಬಸ್ಸಿಂದು ನನಗೇನು ಗೊತ್ರಿ? ನಾ ಎತ್ತು ಕಾಯಾಂವ.”