ಕೂದಲ ಗಂಟು

"ಕನ್ನಡಿ ಹಿಂದೆ ಒಂದು ಗಂಟಿದೆ. ಮಾಟದ್ದು. ಬಿಚ್ಚಬೇಡಪ್ಪ. ಯಾರು ಇಟ್ಟರು ಅಂತಲೂ ಕೇಳಬೇಡ," ಎಂದಳು ಪಕ್ಕದ ಇಸ್ತ್ರಿ ಅಂಗಡಿಯ ಮುದುಕಿ.

ಹೊಸ ಕ್ಷೌರಿಕ ನಕ್ಕ. "ಕೂದಲಿಗೆ ಹೆದರಿದರೆ ನಾನು ಹೊಟ್ಟೆಗೆ ಏನಜ್ಜಿ ತಿನ್ನಲಿ?"

ಅಂಗಡಿ ಅವನ ಭಾವನದು. ಸೊಂಟನೋವೆಂದು ಹೇಳಿ ಕತ್ತರಿ, ಕುರ್ಚಿ, ಬೀಗದ ಕೈ ಎಲ್ಲವನ್ನೂ ಇವನಿಗೆ ಬಿಟ್ಟುಕೊಟ್ಟಿದ್ದ. ಕರೆಸಿಕೊಂಡವಳು ಅಕ್ಕ; ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವಳು. ಅವಳು ಕರೆದಾಗ ಅವನಿಗೆ ಹಾಲು ಕುಡಿದಷ್ಟು ಸಂತೋಷವಾಗಿತ್ತು.

ಕನ್ನಡಿ ಒರೆಸುವಾಗ ಗಂಟು ಕೈಗೆ ಸಿಕ್ಕಿತು. ಕಪ್ಪು ದಾರ ಸುತ್ತಿದ ಬಟ್ಟೆ. ಒಳಗೆ, ಕೂದಲಿನಿಂದಲೇ ಹೆಣೆದ ಹೆಬ್ಬೆರಳಿನಷ್ಟು ಗೊಂಬೆ. ಬಿಚ್ಚಿದ್ದೇ ತಡ, ಸುಟ್ಟ ಕೂದಲಿನ ವಾಸನೆ ಮೂಗಿಗೆ ಅಡರಿತು. ಸೋಪಿನ ನೊರೆ, ಪೌಡರು, ಯಾವುದಕ್ಕೂ ಅದು ಜಗ್ಗಲಿಲ್ಲ.

ಅಂದು ಮೊದಲು ಬಂದವರು ಶಾಲೆಯ ಮೇಷ್ಟ್ರು. ಅವರ ನೆತ್ತಿ ಮುಟ್ಟಿದೊಡನೆ ಅವರ ನೆನಪು ಇವನೊಳಗೆ ಇಳಿಯಿತು: ಹಾಸಿಗೆ ಹಿಡಿದ ತಂದೆ ನೀರು ಕೇಳುತ್ತಿದ್ದಾನೆ, ಮಗ ರೇಡಿಯೋ ಜೋರು ಮಾಡುತ್ತಿದ್ದಾನೆ. ಆಮೇಲೆ ಔಷಧಿ ಅಂಗಡಿಯವನು: ಕೆಟ್ಟ ಔಷಧಿಯೆಂದು ಗೊತ್ತಿದ್ದೂ ಬಾಣಂತಿಯ ಕೈಗಿತ್ತವನು. ಎಲ್ಲರೂ ಕನ್ನಡಿಯಲ್ಲಿ ಇವನನ್ನು ನೋಡಿ ಮುಗುಳ್ನಗುವವರೇ. ಬರಬರುತ್ತಾ ಮನುಷ್ಯರ ಮುಖವೇ ಬೇಡವಾಯಿತು. ಊಟ ಸೇರದಾಯಿತು. ಅಕ್ಕನೊಬ್ಬಳನ್ನು ನೆನೆದು ಜೀವ ಹಿಡಿದುಕೊಂಡ.

ಒಂದು ಮಧ್ಯಾಹ್ನ ಕರೆಂಟು ಹೋಗಿತ್ತು. ಧೂಳಿಗೆಂದು ಷಟರ್ ಅರ್ಧ ಎಳೆದಿದ್ದ. ಭಾವ ಬಗ್ಗಿ ಒಳಗೆ ಬಂದ.

"ಭಾವ, ನಿಮಗೂ ಹೀಗೇ ಆಗ್ತಿತ್ತಾ?"

"ಏನೂ ಆಗಿಲ್ಲ ಕಣೋ. ಚೆನ್ನಾಗಿ ನಿದ್ದೆ ಮಾಡು, ಸರಿಹೋಗುತ್ತೆ." ಹೇಳುತ್ತಲೇ ಭಾವ ಹಿಂದೆ ಸರಿದ.

ಇವನು ಹಾರಿ ಅವನ ತಲೆ ಹಿಡಿದ.

ಕತ್ತಲು. ಕಮಟು ಎಣ್ಣೆಯ ವಾಸನೆ. ಮಂತ್ರವಾದಿಯ ಗೊಗ್ಗರು ದನಿ: "ನಿನ್ನ ಪೀಡೆ ಇಳೀಬೇಕಾದ್ರೆ ಬೇರೆ ತಲೆ ಬೇಕು." ಅಡುಗೆಮನೆ. ಅಕ್ಕನ ಕೈ. ಬಾಚಣಿಗೆ. ಅದಕ್ಕೆ ಸಿಕ್ಕಿಕೊಂಡ ತಮ್ಮನ ಕೂದಲನ್ನು ಎಳೆ ಎಳೆಯಾಗಿ ಬಿಡಿಸುತ್ತಿದ್ದಾಳೆ. ಅಳುತ್ತಿಲ್ಲ.

ಗಂಡನಿಗೆ ಹೇಳುತ್ತಿದ್ದಾಳೆ: "ಅವನಿಗೆ ಹೆಂಡ್ತಿ ಮಕ್ಕಳಿಲ್ಲ, ತಡ್ಕೋತಾನೆ. ಕನ್ನಡಿ ಹಿಂದೆ ಇಡಿ. ಬೇಡ ಅಂದಿದ್ದನ್ನ ಅವನು ಬಿಚ್ಚದೆ ಇರಲ್ಲ."

ಇವನ ಕೈ ಸಡಿಲವಾಯಿತು. ಗೊಂಬೆ ಎತ್ತಿಕೊಂಡ. ಕಡ್ಡಿ ಗೀರಿದ.

"ಸುಡಬೇಡ್ವೋ," ಭಾವ ಕೈ ಅಡ್ಡ ಚಾಚಿದ. "ನಿನ್ನ ಸ್ವಂತ ನೆನಪೆಲ್ಲ ಹೋಗುತ್ತೆ. ನೀನೂ ಯಾರಿಗಾದ್ರೂ ದಾಟಿಸಿಬಿಡು."

"ಯಾರಿಗೆ ಭಾವ?"

ಬೆಂಕಿ ಹತ್ತಿತು. ಕೂದಲು ಚಟಪಟನೆ ಸಿಡಿಯಿತು. ತಲೆಯೊಳಗೆ ಏನೋ ಬೇರುಸಹಿತ ಕಿತ್ತು ಬಂತು.

ಶಾಪ ತೊಲಗಿತು. ಆ ಮೇಲೆ ಯಾರ ತಲೆ ಮುಟ್ಟಿದರೂ ಅದು ಬರೀ ತಲೆ. ಆದರೆ ಅದುವರೆಗೆ ಒಳಬಂದ ಪರರ ನೆನಪುಗಳು ಉಳಿದವು. ಹೋದವು ಅವನವೇ.

ಸಂಜೆ ಒಬ್ಬ ಹೆಂಗಸು ಓಡಿ ಬಂದು ಬಾಗಿಲಲ್ಲಿ ನಿಂತಳು. "ತಮ್ಮಾ, ನಾನು ಕಣೋ. ಗುರುತು ಸಿಗ್ಲಿಲ್ವಾ?"

ಅವನು ಬಹಳ ಹೊತ್ತು ಅವಳ ಮುಖ ನೋಡಿದ. ಒಳಗೆಲ್ಲ ತಡಕಾಡಿದ.

"ಸಿಕ್ತು," ಎಂದ ಮೆಲ್ಲಗೆ. "ಬಾಚಣಿಗೆಯಿಂದ ಯಾರದೋ ಕೂದಲು ಬಿಡಿಸ್ತಿದ್ರಲ್ಲ, ಅವರು ತಾನೇ ನೀವು?"